ಇಬ್ಬರು ಬಂದು ಬಾಗಿಲು ತಟ್ಟಿದ ದಿನ

ಮೇಲಿನ ಠಾಣೆ
ಜೂನ್ ೧೨

ಸೈನಿಕ ಕುಟುಂಬ ನೆರವು ಕೇಂದ್ರದ ಸಂಯೋಜಕರಿಗೆ ನಮಸ್ಕಾರ.

ಮೇಡಂ, ನಾನು ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮಮ್ಮ ಗೊತ್ತು. ಬಟ್ಟೆ ಗಿರಣಿಯ ಹಿಂದಿನ ಬೀದಿ, ನೀಲಿ ಬಾಗಿಲಿನ ಮನೆ. ಒಬ್ಬರೇ ಇದ್ದಾರೆ, ಮಂಡಿ ನೋವು. ಹೋದ ವರ್ಷ ಆಸ್ಪತ್ರೆಗೆ ಹೋಗಿಬರಲು ನೀವು ಗಾಡಿ ಕಳಿಸಿದ್ದಿರಂತೆ. ‘ಆ ಹೆಂಗಸಿಗೆ ಮಾತಾಡೋಕೂ ಪುರುಸೊತ್ತಿಲ್ಲ, ಆದ್ರೆ ಕೆಲಸ ಮಾಡಿಸ್ತಾಳೆ’ ಎಂದು ಬರೆದಿದ್ದರು. ಅಮ್ಮನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಏಪ್ರಿಲ್‌ನಿಂದ ಅಮ್ಮನ ಕಾಗದವಿಲ್ಲ. ಮುಂಚೆ ಪ್ರತಿ ಟಪಾಲಿನಲ್ಲೂ ಇರುತ್ತಿತ್ತು. ನಲ್ಲಿ ಸೋರುತ್ತಿದೆ, ಪಕ್ಕದ ಮನೆಯ ಟೈಲರಮ್ಮ ರವಿಕೆ ಕೆಡಿಸಿದಳು, ನೀನು ಸರಿಯಾಗಿ ಉಣ್ಣುತ್ತಿಲ್ಲ, ಹೀಗೆ ಊರಿನವರನ್ನೆಲ್ಲ ಬೈದು ಕೊನೆಗೆ ನನ್ನನ್ನೂ ಬೈದು ಮುಗಿಸುತ್ತಿದ್ದರು. ಇಲ್ಲಿ ಫೋನಿಲ್ಲ. ಮಂಜು ಸರಿದ ದಿನ ಹೆಲಿಕಾಪ್ಟರಿನಲ್ಲಿ ಬರುವ ಟಪಾಲು ಚೀಲವೇ ನಮಗೆ ಎಲ್ಲ. ಕೆಳಗಿನ ಠಾಣೆಗೆ ಇಳಿದಿದ್ದ ಗೆಳೆಯನಿಂದ ಮನೆಗೆ ಫೋನ್ ಮಾಡಿಸಿದೆ. ರಿಂಗೇ ಆಗಲಿಲ್ಲವಂತೆ.

ನನ್ನ ಸೇವೆಯ ಅವಧಿ ಈ ವರ್ಷ ಮುಗಿಯುತ್ತದೆ. ಇರುತ್ತೇನೋ ಬಿಡುತ್ತೇನೋ ಎಂದು ಅಕ್ಟೋಬರ್ ಕೊನೆಯೊಳಗೆ ಹೇಳಬೇಕು. ಬಿಟ್ಟು ಬರುವ ಮನಸ್ಸಿದೆ. ಆದರೆ ನಾನು ಸೇನೆಗೆ ಸೇರುವಾಗ ಅಮ್ಮ ‘ನಿಂಗೆ ಹೇಗೆ ಬೇಕೋ ಹಾಗೆ ಮಾಡು’ ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಆ ಸಿಟ್ಟು ಈಗ ಹೊರಗೆ ಬಂದಿದೆಯೋ ಏನೋ. ದಯವಿಟ್ಟು ಒಮ್ಮೆ ಹೋಗಿ ನೋಡಿ.

ಅಮ್ಮ ನನ್ನನ್ನು ಗುಬ್ಬಿ ಎಂದು ಕರೆಯುತ್ತಾರೆ. ಅವರ ಮುಂದೆ ಆ ಹೆಸರು ಹೇಳಿದರೆ ನಿಮ್ಮನ್ನು ನಂಬುತ್ತಾರೆ. ಬೇರೆ ಯಾರಿಗೂ ಹೇಳಬೇಡಿ, ಇಲ್ಲಿ ನನಗೊಂದು ಮರ್ಯಾದೆ ಇದೆ.

ಇಂತಿ,
ನೀಲಿ ಬಾಗಿಲಿನ ಮನೆಯ ಮಗ

—

ನೆರವು ಕೇಂದ್ರ
ಜೂನ್ ೨೮

ಪ್ರಿಯ ಗುಬ್ಬಿಯವರೇ,

ನಿಮ್ಮ ಗುಟ್ಟು ನನ್ನಲ್ಲಿ ಭದ್ರ. ಅಮ್ಮಂದಿರ ಸಿಟ್ಟೂ ನನಗೆ ಹೊಸದಲ್ಲ, ಗಾಬರಿಯಾಗಬೇಡಿ.

ಇಲ್ಲಿ ಬೆಳಗಿನಿಂದ ಒಂದೇ ಸಮನೆ ಫೋನು. ಕೃತಕ ಕಾಲಿನ ಪಟ್ಟಿ ಸಡಿಲಾಯಿತೆಂದು ಒಬ್ಬರು ಒಂಟಿಕಾಲಲ್ಲಿ ಕುಂಟಿಕೊಂಡು ಬಂದು ನನ್ನ ಮೇಜಿನ ಮುಂದೆ ಕೂತಿದ್ದಾರೆ. ಪಟಾಕಿ ಸದ್ದಿಗೆ ಗಂಡ ಮಂಚದ ಕೆಳಗೆ ನುಗ್ಗುತ್ತಾನೆ, ವೈದ್ಯರನ್ನು ಗೊತ್ತುಮಾಡಿಕೊಡಿ ಎಂದು ಒಬ್ಬಳು ಅಳುತ್ತಿದ್ದಾಳೆ. ಯಾರಿಗೆ ಏನು ಬೇಕು, ಅದನ್ನು ಕೊಡುವವರು ಯಾರು ಎಂದು ಹುಡುಕಿ ಇಬ್ಬರನ್ನೂ ಒಂದೇ ದಿನ ಒಂದೇ ಬಾಗಿಲಲ್ಲಿ ನಿಲ್ಲಿಸುವುದು ನನ್ನ ಕೆಲಸ. ಹೇಳಲು ಸುಲಭ.

ಹೌದು, ನೆನಪಾಯಿತು. ನಿಮ್ಮಮ್ಮ ಬಚ್ಚಲಲ್ಲಿ ಜಾರಿದ್ದರೆಂದು ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಲು ಏಪ್ರಿಲ್‌ನಲ್ಲಿ ನಮ್ಮವರನ್ನು ಕಳಿಸಿದ್ದೆ. ಬಾಗಿಲು ತೆಗೆಯಲಿಲ್ಲ ಎಂದು ವಾಪಸು ಬಂದರು. ಎಲ್ಲೋ ನೆಂಟರ ಮನೆಗೆ ಹೋಗಿರಬೇಕೆಂದುಕೊಂಡೆ. ಆಮೇಲೆ ಬೇರೆ ಕೆಲಸಗಳು ಮೈಮೇಲೆ ಬಿದ್ದು ಅದು ಹಾಗೇ ಉಳಿಯಿತು, ನನ್ನದೇ ಉದಾಸೀನ. ಈ ವಾರವೇ ನಾನು ಹೋಗುತ್ತೇನೆ. ಬೈದರೆ ಬೈಸಿಕೊಂಡು ಬರುತ್ತೇನೆ.

ನಿಮ್ಮ ವಿಶ್ವಾಸಿ,
ಸಂಯೋಜಕಿ

—

ನೆರವು ಕೇಂದ್ರ
ಜುಲೈ ೫

ತಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಅಮ್ಮನ ಜೀವಕ್ಕೇನೂ ಆಗಿಲ್ಲ. ಓದುವಾಗ ಅದನ್ನು ನೆನಪಿಟ್ಟುಕೊಳ್ಳಿ. ಉಳಿದದ್ದು ಒಳ್ಳೆಯ ಸುದ್ದಿಯಲ್ಲ, ಮತ್ತು ಅದಕ್ಕೆಲ್ಲ ನಾನೇ ಕಾರಣ.

ನಾನು ಹೋಗಿ ತಟ್ಟಿದೆ, ಕೂಗಿದೆ. ಕಿಟಕಿಯ ಪರದೆ ಒಂದಿಷ್ಟು ಅಲುಗಿತು, ಅಷ್ಟೇ. ಪಕ್ಕದ ಟೈಲರಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದುಬಂದರು.

“ಅವ್ರು ಬಾಗ್ಲು ತೆಗೆಯೋದನ್ನೇ ಬಿಟ್ಟಿದ್ದಾರೆ ಕಣ್ರೀ,” ಎಂದರು. “ಹಾಲು ಸಾಮಾನೆಲ್ಲ ನಾನೇ ಕಿಟಕೀಲಿ ಕೊಡ್ತೀನಿ. ಆ ಹಸಿರು ಕಾರು ಬಂದುಹೋದಾಗಿಂದ ಹಿಂಗೇ. ಇಬ್ಬರು ಇಳಿದ್ರಲ್ಲ, ಯೂನಿಫಾರ್ಮಿನೋರು? ಏನಂತ ಕೇಳಿದ್ರೆ ಮಾತಿಲ್ಲ ಕತೆಯಿಲ್ಲ. ಪಾಪ, ಹುಡುಗ ಹೋಗ್ಬಿಟ್ನಾ?”

ಆ ಕಾರನ್ನು ಕಳಿಸಿದವಳು ನಾನೇ.

ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನಮ್ಮಲ್ಲೊಂದು ಹಸಿರು ಕಾರಿದೆ. ಗಡಿಯಲ್ಲಿರುವವರ ಮನೆಯ ಮುಂದೆ ಅದು ನಿಲ್ಲುವುದು ಒಂದೇ ಕಾರಣಕ್ಕೆ, ಸಾವಿನ ಸುದ್ದಿ ತಿಳಿಸಲು. ಸಮವಸ್ತ್ರದಲ್ಲಿ ಇಬ್ಬರು ಇಳಿದು ಬಾಗಿಲು ತಟ್ಟಿದರೆ ಅವರು ಬಾಯಿ ಬಿಡುವ ಮೊದಲೇ ಮನೆಯವರಿಗೆ ತಿಳಿದುಬಿಡುತ್ತದೆ. ಅದಕ್ಕೇ ಬೇರೆ ಯಾವ ಕೆಲಸಕ್ಕೂ ಆ ಕಾರನ್ನು ಅಂಥ ಮನೆಗೆ ಕಳಿಸಬಾರದು, ಇಬ್ಬರನ್ನು ಒಟ್ಟಿಗೆ ಕಳಿಸಬಾರದು, ಮೊದಲು ಫೋನ್ ಮಾಡದೆ ಯಾರೂ ಹೋಗಬಾರದು. ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳುವವಳೇ ನಾನು.

ಅವತ್ತು ರಿಪೇರಿಯ ವ್ಯಾನು ಕೆಟ್ಟು ನಿಂತಿತ್ತು. ಕಂಬಿ ಬಂದಿತ್ತು, ಕೂರಿಸುವವನು ಬಂದಿರಲಿಲ್ಲ. ಅಷ್ಟರಲ್ಲಿ ನಮ್ಮ ನಿವೃತ್ತ ಕ್ಯಾಪ್ಟನ್ ಒಂದು ಸ್ಮಾರಕ ಸಭೆ ಮುಗಿಸಿ ಅದೇ ಕಾರಿನಲ್ಲಿ ಬಂದರು. ಅವರಿಗೆ ಬಡಗಿ ಕೆಲಸವೆಂದರೆ ಪ್ರಾಣ. “ಕೊಡಮ್ಮ, ನಾನೇ ಕೂರಿಸಿಬರ್ತೀನಿ” ಎಂದರು. ಮೈಮೇಲೆ ಪದಕಗಳ ಕೋಟು. ಡ್ರೈವರೂ ಸಮವಸ್ತ್ರದಲ್ಲಿದ್ದ. ನನ್ನ ತಲೆಯೊಳಗೆ ಗಂಟೆ ಹೊಡೆಯಿತು ತಮ್ಮಾ, ಹೊಡೆಯಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ‘ಒಂದು ದಿನ ತಾನೆ, ಪಾಪ ಆಯಮ್ಮ ಜಾರಿ ಬೀಳ್ತಾರೆ’ ಎಂದುಕೊಂಡು ಹೂಂ ಅಂದೆ. ಫೋನೂ ಮಾಡಲಿಲ್ಲ.

ಆ ನೀಲಿ ಬಾಗಿಲಿನ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ: “ಅಮ್ಮಾ, ನಿಮ್ಮ ಮಗ ಇದ್ದಾನೆ! ಅವತ್ತು ಬಂದಿದ್ದು ಬಚ್ಚಲ ಕಂಬಿಗೆ! ಗುಬ್ಬಿ ಇದ್ದಾನೆ ಅಮ್ಮಾ, ಗುಬ್ಬಿ!” ಇಡೀ ಬೀದಿಗೆ ನಿಮ್ಮ ಹೆಸರು ಗೊತ್ತಾಗಿಹೋಯಿತು, ಕ್ಷಮಿಸಿ. ಬಾಗಿಲು ತೆರೆಯಿತು. ಅಮ್ಮ ಚೌಕಟ್ಟು ಹಿಡಿದು ನಿಂತಿದ್ದರು.

“ಖಂಡಿತಾನಾ?” ಎಂದು ಕೇಳಿದರು. ನಿಮ್ಮ ಜೂನ್ ತಿಂಗಳ ಕಾಗದ ತೋರಿಸಿದೆ. ಅಕ್ಷರದ ಮೇಲೆ ಬೆರಳಾಡಿಸಿದರು. ಹೊಸ್ತಿಲ ಮೇಲೇ ಕೂತುಬಿಟ್ಟರು. ಕೂತಲ್ಲಿಂದಲೇ, “ಕಂಬಿ ಕೂರ್ಸೋಕೆ ಮಿಲಿಟರಿ ಕಾರು ಬೇಕಿತ್ತೇನೇ ನಿಂಗೆ?” ಎಂದರು.

ಏಪ್ರಿಲ್‌ನಿಂದ ನೀವು ಬರೆದ ಕಾಗದಗಳೆಲ್ಲ ಗೂಡಿನಲ್ಲಿ ಬೋರಲಾಗಿ ಬಿದ್ದಿವೆ, ಒಂದನ್ನೂ ಒಡೆದಿಲ್ಲ. ‘ಸಾಯೋ ಮುಂಚೆ ಬರೆದದ್ದು ಆಮೇಲೂ ಬರ್ತಿರುತ್ತೆ, ಎಷ್ಟು ಮನೇಲಿ ನೋಡಿಲ್ಲ’ ಎಂದರು. ಫೋನಿನ ತಂತಿ ಕಿತ್ತಿಟ್ಟಿದ್ದರು. ಯಾರಾದರೂ ಬಾಯಿಬಿಟ್ಟು ಹೇಳಿಬಿಟ್ಟರೆ ಎಂಬ ಭಯ.

ಕ್ಷಮಿಸಿ ಎಂದು ಬರೆದರೆ ಏನೂ ಸರಿಹೋಗುವುದಿಲ್ಲ. ಆದರೂ ಬರೆಯುತ್ತೇನೆ. ಕ್ಷಮಿಸಿ.

ಸಂಯೋಜಕಿ

—

ಮೇಲಿನ ಠಾಣೆ
ಜುಲೈ ೨೭

ಮೇಡಂ,

ಬರೆದು ಬರೆದು ಹರಿದೆ. ಇದನ್ನಾದರೂ ಕಳಿಸುತ್ತೇನೋ ಇಲ್ಲವೋ.

ಏಪ್ರಿಲ್‌ನಿಂದ ಜುಲೈವರೆಗೆ ಅಮ್ಮನ ಪಾಲಿಗೆ ನಾನು ಸತ್ತಿದ್ದೆ. ಆಗ ಇಲ್ಲಿ ನಾನು ಬೂಟು ಒಣಗಿಸುತ್ತಿದ್ದೆ, ಇಸ್ಪೀಟಿನಲ್ಲಿ ಸೋತು ಗೆಳೆಯರ ಬಟ್ಟೆ ಒಗೆಯುತ್ತಿದ್ದೆ, ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ. ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ನಿಮಗೆ ತಲೆಯಲ್ಲಿ ಗಂಟೆ ಹೊಡೆಯಿತಂತೆ. ಇಲ್ಲಿ ಗಂಟೆ ಹೊಡೆದ ಮೇಲೂ ‘ಒಂದು ದಿನ ತಾನೆ’ ಎಂದವರನ್ನು ನಾವು ಹೊತ್ತು ಕೆಳಗಿಳಿಸಿದ್ದೇವೆ.

ಕ್ಷಮೆ ಕೇಳಿದ್ದೀರಿ. ಸದ್ಯಕ್ಕೆ ಅದು ನನ್ನ ಹತ್ತಿರ ಇಲ್ಲ. ಬಚ್ಚಿಡದೆ ನಿಜ ಹೇಳಿದಿರಿ, ಅಷ್ಟು ಒಪ್ಪಿಕೊಳ್ಳುತ್ತೇನೆ.

ಅಮ್ಮನ ಕೈಯಿಂದ ಒಂದು ಕಾಗದ ಬರೆಸಿ ಕಳಿಸಿ. ಬೈಗುಳವಾದರೂ ಸರಿ. ಬಾ ಎಂದರೆ ಬರುತ್ತೇನೆ.

ಗುಬ್ಬಿ

—

ನೆರವು ಕೇಂದ್ರ
ಆಗಸ್ಟ್ ೨೦

ತಮ್ಮಾ,

ನೀವು ಬೈದದ್ದು ಒಳ್ಳೆಯದಾಯಿತು. ಇಲ್ಲಿ ಯಾರೂ ಬೈಯುತ್ತಿಲ್ಲ. ನಾನೇ ನಿರ್ದೇಶಕರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ. “ಇನ್ನು ಮುಂದೆ ಹುಷಾರು” ಎಂದು ಹೇಳಿ ಬೇರೊಂದು ಸಭೆಗೆ ಎದ್ದುಹೋದರು. ಕ್ಯಾಪ್ಟನ್ ಮಾತ್ರ ಕೇಳಿದ ದಿನದಿಂದ ಮೆತ್ತಗಾಗಿದ್ದಾರೆ. “ಕೋಟಾದ್ರೂ ಬಿಚ್ಚಿಟ್ಟು ಹೋಗ್ಬೇಕಿತ್ತಮ್ಮ, ಇಷ್ಟು ವಯಸ್ಸಾಗಿ ಬುದ್ಧಿ ಬೇಡ್ವಾ ನಂಗೆ” ಎಂದು ದಿನಾ ಒಂದು ಸಲ ಬಂದು ಹೇಳಿಹೋಗುತ್ತಾರೆ. ಅವರನ್ನು ಸಮಾಧಾನ ಮಾಡಲು ನಾನು ಯಾರು?

ವಾರಕ್ಕೊಂದು ದಿನ ಅಮ್ಮನ ಹತ್ತಿರ ಹೋಗುತ್ತಿದ್ದೇನೆ. ಬಸ್ಸಿನಲ್ಲಿ ಹೋಗುತ್ತೇನೆ, ಬೀದಿಯ ಕೊನೆಯಿಂದಲೇ ಕೂಗಿಕೊಂಡು ಬರುತ್ತೇನೆ. ಕಂಬಿಯನ್ನು ನಾನೇ ಕೂರಿಸಿದೆ. ಕೊಂಚ ಸೊಟ್ಟ ಬಂದಿದೆ. “ನಿನ್ ಹಾಗೇ ಇದೆ” ಎಂದರು ಅಮ್ಮ. ನನಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದಾರೆ. ಟೀ ಕೊಡುತ್ತಾರೆ, ಮಂಡಿಯ ಬಗ್ಗೆ ಮಾತಾಡುತ್ತಾರೆ, ನಾನು ಸೀರೆ ಉಟ್ಟ ಚಂದಕ್ಕೆ ಮುಖ ಸಿಂಡರಿಸುತ್ತಾರೆ. ಇಷ್ಟೆಲ್ಲ ಸರಿ. ಆದರೆ ನಿಮ್ಮ ಮಾತೆತ್ತಿದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಾರೆ.

ಕಾಗದಗಳು ಇನ್ನೂ ಬೋರಲಾಗಿಯೇ ಇವೆ. ಓದಿ ಅಂದೆ, ಓದಿ ಹೇಳಲಾ ಅಂದೆ. “ಇರಲಿ ಬಿಡೇ” ಎಂದರು. ನಾಲ್ಕು ಸಾಲು ಬರೆಯಿರಿ ಅಂದರೆ “ಬರೀತೀನಿ, ಬರೀತೀನಿ.” ನೀವು ಬದುಕಿದ್ದೀರಿ ಎಂದು ತಿಳಿದ ಮೇಲೂ ಏಕೆ ಹೀಗೆ ಎಂದು ನನಗೆ ಅರ್ಥವಾಗುತ್ತಿಲ್ಲ. ನಿಮ್ಮ ಮೇಲೆ ಸಿಟ್ಟಂತೂ ಅಲ್ಲ. ಅಷ್ಟು ಮಾತ್ರ ಅವರ ಮುಖ ನೋಡಿ ಹೇಳಬಲ್ಲೆ.

ನಿಮ್ಮ ಎಂದು ಸಹಿ ಮಾಡಲು ಧೈರ್ಯವಿಲ್ಲ,
ಗಡಿಬಿಡಿ

—

ಮನೆ
ಸೆಪ್ಟೆಂಬರ್ ೧೫

ಗಡಿಬಿಡಿಯವಳೇ,

ವಾರವಾರ ಬಂದು ಎದುರಿಗೇ ಕೂತುಕೊಳ್ಳೋ ನಿನಗೆ ಕಾಗದ ಬರೆಯೋಳು ಹುಚ್ಚಿ ಅಂದುಕೊ. ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ.

ಯಾಕೆ ಬರೆಯಲ್ಲ, ಯಾಕೆ ಬರೆಯಲ್ಲ ಅಂತ ಪ್ರಾಣ ತಿಂತೀಯಲ್ಲ, ಕೇಳು. ಅವನು ಸೇರಿದ ದಿನದಿಂದ ನಾನು ನೆಟ್ಟಗೆ ಮಲಗಿದವಳಲ್ಲ. ಬೀದಿಯಲ್ಲಿ ಗಾಡಿ ನಿಂತರೆ ಎದ್ದು ಕೂರ್ತೀನಿ. ಪಕ್ಕದ ಮನೆಗೆ ರವಿಕೆ ಹೊಲಿಸೋಕೆ ಬಂದವರ ಗಾಡಿ ಅದು. ಆದರೂ ಅದು ಹೊರಟುಹೋಗೋವರೆಗೆ ಪರದೆ ಹಿಂದಿಂದ ಕದಲಲ್ಲ. ಒಲೆ ಮುಂದೆ ನಿಂತಾಗ, ತಲೆ ಬಾಚುವಾಗ, ಯಾರ ಜೊತೆಗಾದರೂ ನಗುವಾಗ, ಕಿವಿ ಮಾತ್ರ ಬೀದಿಯಲ್ಲೇ. ಯಾರಿಗೂ ಹೇಳಲಿಲ್ಲ. ಎಲ್ಲ ತಾಯಂದಿರದೂ ಇದೇ ಪಾಡು, ನಂದೇನು ದೊಡ್ಡದು ಅಂದುಕೊಂಡೆ.

ಅವತ್ತು ಪರದೆ ಸರಿಸಿ ನೋಡಿದೆ. ಇಬ್ಬರು. ಚಿಲಕ ಹಾಕಿದೆ. ತಟ್ಟಿದರು, ಮತ್ತೆ ತಟ್ಟಿದರು. ಉಸಿರು ಬಿಗಿಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಹೋದರು.

ಆಮೇಲೆ ನಾನು ಅಳಲಿಲ್ಲ ಕಣೇ. ಒಳಗೆ ಹೋಗಿ ಮಲಗಿದೆ. ಹಾಡುಹಗಲಲ್ಲಿ ಎಂಥಾ ನಿದ್ದೆ ಬಂತು ಅಂತೀಯ! ಕನಸಿಲ್ಲ, ಮಗ್ಗುಲು ಬದಲಿಸಿದ್ದಿಲ್ಲ. ಎದ್ದಾಗ ಮೈ ಹಗುರಾಗಿತ್ತು. ‘ಅಬ್ಬ, ಇನ್ನು ಕಾಯೋದಿಲ್ಲ’ ಅಂತ ನನ್ನೊಳಗೇ ಒಂದು ಮಾತು ಬಂತು. ನನ್ನದೇ ದನಿ. ಆಮೇಲೆ ಅತ್ತೆ, ಗೋಡೆಗೆ ತಲೆ ಚಚ್ಚಿಕೊಂಡು ಅತ್ತೆ. ಆದರೆ ಮೊದಲು ಬಂದದ್ದು ಆ ಮಾತು.

ಹೆತ್ತವಳಿಗೆ ಇಂಥ ಮಾತು ಬರುತ್ತಾ? ನೀನು ಬಂದು ಇದ್ದಾನೆ ಅಂತ ಕೂಗಿದಾಗ ಸಂತೋಷ ಆಯಿತು, ಇಲ್ಲ ಅನ್ನಲ್ಲ. ಅದರ ಹಿಂದೇನೇ ‘ಅಯ್ಯೋ, ಮತ್ತೆ ಶುರು’ ಅನ್ನಿಸಿತು. ಈಗ ಹೇಳು, ಯಾವ ಮುಖ ಇಟ್ಟುಕೊಂಡು ಅವನ ಕಾಗದ ಓದಲಿ? ಅದರಲ್ಲಿ ಅಮ್ಮಾ ಅಮ್ಮಾ ಅಂತ ಬರೆದಿರ್ತಾನೆ. ನಾನು ಸುಖವಾಗಿ ನಿದ್ದೆ ಹೊಡೆದವಳು.

ಇದನ್ನು ಅವನಿಗೆ ಹೇಳಿದೆಯೋ, ಈ ಬಾಗಿಲು ನಿನಗೆ ಮತ್ತೆ ತೆಗೆಯಲ್ಲ.

ಗುಬ್ಬಿಯ ತಾಯಿ

—

ನೆರವು ಕೇಂದ್ರ
ಸೆಪ್ಟೆಂಬರ್ ೧೭

ಅಮ್ಮಾ,

ನಿಮ್ಮ ಕಾಗದ ಓದಿ ಕೆಲಸಕ್ಕೆ ಬಾರದವಳ ಹಾಗೆ ಮೇಜಿನ ಮುಂದೆ ಕೂತಿದ್ದೆ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.

ನಾನು ಹೇಳುವುದಿಲ್ಲ. ಆಣೆ ಬೇಕಾದರೆ ಆಣೆ. ಆದರೆ ನೀವು ಹೇಳಿ. ನಾನು ಆ ಹಸಿರು ಕಾರಿನ ಹಿಂದೆ ಎಷ್ಟೋ ಮನೆಗಳಿಗೆ ಹೋಗಿದ್ದೇನೆ. ನಿಜವಾದ ಸುದ್ದಿ ಕೇಳಿದ ಹೆಂಗಸರು ಎದ್ದುಹೋಗಿ ಮಲಗಿದ್ದನ್ನು ಕಂಡಿದ್ದೇನೆ. ದುಃಖಕ್ಕೆ ಪ್ರಜ್ಞೆ ತಪ್ಪಿದೆ ಎಂದುಕೊಂಡು ವೈದ್ಯರಿಗೆ ಫೋನ್ ಮಾಡಿದ್ದೇನೆ. ಅವರ ಮುಖದಲ್ಲಿ ಎಷ್ಟು ವರ್ಷದ ನಿದ್ದೆ ಇತ್ತೆಂದು ಈಗ ಹೊಳೆಯುತ್ತಿದೆ. ಆಸ್ಪತ್ರೆ, ಪಿಂಚಣಿ, ಮಕ್ಕಳ ಶಾಲೆ ಎಂದು ಊರೆಲ್ಲ ಓಡಾಡಿದೆ, ರಾತ್ರಿ ನಿದ್ದೆ ಬರುತ್ತದಾ ಎಂದು ಯಾವ ತಾಯಿಯನ್ನೂ ಒಂದು ದಿನ ಕೇಳಲಿಲ್ಲ. ನನ್ನ ತಪ್ಪು ಆ ಕಾರೊಂದೇ ಎಂದುಕೊಂಡಿದ್ದೆ.

ನೀವು ಬರೆಯದಿದ್ದರೆ ಅವನು ಬೇಡವಾದೆ ಎಂದುಕೊಳ್ಳುತ್ತಾನೆ. ಅಕ್ಟೋಬರ್ ಕೊನೆಗೆ ಅಲ್ಲೇ ಇರುತ್ತೇನೆಂದು ಸಹಿ ಹಾಕುತ್ತಾನೆ. ಅಮ್ಮ ಸಿಟ್ಟಾಗಿಲ್ಲ ಎಂದು ನಾನು ಸಾವಿರ ಸಲ ಬರೆದರೂ ಅವನು ನಂಬುವುದಿಲ್ಲ. ನನ್ನನ್ನು ಯಾಕಾದರೂ ನಂಬಬೇಕು?

ಬರೆಯಿರಿ ಅಮ್ಮ, ಕಾಲಿಗೆ ಬೀಳುತ್ತೇನೆ.

ಗಡಿಬಿಡಿ

—

ಮೇಲಿನ ಠಾಣೆ
ಅಕ್ಟೋಬರ್ ೬

ಅಕ್ಕಾ,

ಹಾಗೇ ಕರೆಯುತ್ತೇನೆ. ಇಷ್ಟು ದಿನ ಸಿಟ್ಟು ಹೊತ್ತುಕೊಂಡಿರಲು ಇಲ್ಲಿ ಜಾಗವಿಲ್ಲ, ಸಾಮಾನು ಹೊರುವುದೇ ಬೇಕಾದಷ್ಟಿದೆ.

ಸಾಹೇಬರು ಕರೆದು ಕೇಳಿದರು. ತಿಂಗಳ ಕೊನೆಯವರೆಗೆ ಸಮಯ ಕೊಡಿ ಎಂದೆ. ಅಮ್ಮ ಈಗ ನಿಮ್ಮ ಜೊತೆ ಟೀ ಕುಡಿಯುತ್ತಾರೆ, ತಮಾಷೆ ಮಾಡುತ್ತಾರೆ, ನನಗೊಂದು ಸಾಲು ಬರೆಯುವುದಿಲ್ಲ. ನಾನು ಸತ್ತೆನೆಂದು ಅವರು ಅನುಭವಿಸಿದ್ದಕ್ಕೆ ನಾನೇ ಕಾರಣ ಅಲ್ಲವೇ, ಸೇನೆಗೆ ಸೇರಿದವನು ನಾನು ತಾನೆ? ಮನೆಗೆ ಬಂದು, ಮಾತಾಡದ ಅಮ್ಮನ ಎದುರು ತಟ್ಟೆ ಇಟ್ಟುಕೊಂಡು ಕೂರುವುದು ನನ್ನ ಕೈಲಾಗದು. ಅದಕ್ಕಿಂತ ಈ ಮಂಜೇ ವಾಸಿ.

ಕಾಗದ ಬಂದರೆ ಬರುತ್ತೇನೆ. ಬರದಿದ್ದರೆ ಮೂರು ವರ್ಷಕ್ಕೆ ಸಹಿ ಹಾಕುತ್ತೇನೆ.

ಗುಬ್ಬಿ

—

ಮನೆ
ಅಕ್ಟೋಬರ್ ೧೬

ಗುಬ್ಬಿ,

ನಿನ್ನ ಕಾಗದ ಎಲ್ಲ ಒಟ್ಟಿಗೆ ಕೂತು ಓದಿದೆ. ಎಲ್ಲದರಲ್ಲೂ ‘ಅಮ್ಮಾ, ಯಾಕೆ ಬರೀತಿಲ್ಲ’. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಾ. ನಾಚಿಕೆಯಾಗಿ ಬರೆಯಲಿಲ್ಲ. ಆ ಇಬ್ಬರು ಬಂದುಹೋದ ದಿನ, ನೀನು ಹೋದೆ ಅಂದುಕೊಂಡು ನಾನು ನಿದ್ದೆ ಮಾಡಿದೆ. ಅಳೋ ಮೊದಲು ನಿದ್ದೆ ಮಾಡಿದೆ. ಇನ್ನು ಕಾಯೋ ಹಾಗಿಲ್ಲ ಅಂತ ಜೀವಕ್ಕೆ ಸಮಾಧಾನ ಆಯಿತು. ಇಂಥವಳು ನಿನ್ನ ತಾಯಿ. ಬಚ್ಚಿಟ್ಟುಕೊಂಡು ನಿನಗೆ ಬಾ ಅನ್ನೋಕೆ ಮನಸ್ಸು ಒಪ್ಪಲಿಲ್ಲ. ಹೇಳಿಬಿಟ್ಟೆ. ಇನ್ನು ಬೈಯೋದಾದರೆ ಬೈಯಿ.

ಬಂದುಬಿಡು. ನೀನು ಸೇರುವಾಗಲೇ ಬೇಡ ಕಣೋ ಅಂತ ಕಾಲು ಕಟ್ಟಿಕೊಂಡು ಅಳಬೇಕಿತ್ತು. ಬಿಗುಮಾನ ಮಾಡಿಕೊಂಡು ಒಳಗೆ ಹೋದೆ. ಈಗ ಅಳ್ತಿದ್ದೀನಿ, ನೋಡು. ಬಾ.

ಅಮ್ಮ

—

ನೆರವು ಕೇಂದ್ರ
ನವೆಂಬರ್ ೩

ಗುಬ್ಬಿ,

ಈ ಕಾಗದ ಯಾವಾಗ ನಿಮ್ಮ ಕೈಸೇರುತ್ತದೋ ಕಾಣೆ. ಅಮ್ಮ ಬರೆದಿದ್ದಾರೆ. ಅಕ್ಟೋಬರ್ ಮಧ್ಯದಲ್ಲೇ ಬರೆದರು, ನಾನೇ ಓಡಿಹೋಗಿ ಟಪಾಲಿಗೆ ಹಾಕಿದೆ. ಈಗ ಕೇಳಿದರೆ ಚೀಲ ಕೆಳಗಿನ ಠಾಣೆಯಲ್ಲೇ ಇದೆಯಂತೆ. ಮಂಜು, ಹೆಲಿಕಾಪ್ಟರು ಹಾರುತ್ತಿಲ್ಲ. ದಿನಾ ಫೋನ್ ಮಾಡಿ ಜಗಳವಾಡಿದೆ. ಅಲ್ಲಿಯ ಗುಮಾಸ್ತ, “ಮಂಜಿನ ಮೇಲೆ ಯಾರಿಗೆ ದೂರು ಕೊಡ್ಲಿ ಮೇಡಂ” ಎಂದು ಕೇಳಿದ.

ವೈರ್‌ಲೆಸ್ಸಿನಲ್ಲಿ ಒಂದು ಸಾಲು ಕಳಿಸಿ ಎಂದು ಬೇಡಿಕೊಂಡೆ. ಮನೆಯಲ್ಲಿ ಸಾವು ಅಥವಾ ಗಂಭೀರ ಕಾಯಿಲೆ ಇದ್ದರೆ ಮಾತ್ರ ಎಂದರು. ‘ತಾಯಿಗೆ ಬಹಳ ಹುಷಾರಿಲ್ಲ’ ಎಂದು ನಾನು ಹೇಳಿದ್ದರೆ ಸಾಕಿತ್ತು, ನೀವು ಸಹಿ ಹಾಕುವ ಮೊದಲೇ ನಿಮ್ಮನ್ನು ಇಳಿಸುತ್ತಿದ್ದರು. ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಕೆಳಗಿಳಿಯುವ ದಾರಿಯುದ್ದಕ್ಕೂ ನಿಮ್ಮ ಸ್ಥಿತಿ ಏನಾಗುತ್ತಿತ್ತು? ಒಂದೇ ಮನೆಯವರಿಗೆ ಎರಡು ಸಲ ಸುಳ್ಳು ಸುದ್ದಿ ಕೊಡಲು ನನ್ನಿಂದಾಗಲಿಲ್ಲ. ಫೋನ್ ಇಟ್ಟೆ. ಅದು ಸರಿಯೋ ತಪ್ಪೋ ಇವತ್ತಿಗೂ ತಿಳಿಯುತ್ತಿಲ್ಲ.

ಇನ್ನೂ ಸಹಿ ಹಾಕಿಲ್ಲ ಎಂದುಬಿಡು ತಮ್ಮಾ.

ಗಡಿಬಿಡಿ

—

ಮೇಲಿನ ಠಾಣೆ
ನವೆಂಬರ್ ೨೧

ಅಮ್ಮಾ,

ನಿನ್ನ ಕಾಗದ ನಿನ್ನೆ ಬಂತು. ಅಕ್ಕನದೂ ಅದೇ ಚೀಲದಲ್ಲಿತ್ತು. ನಾನು ತಿಂಗಳ ಕೊನೆಯ ದಿನ ಸಂಜೆಯವರೆಗೂ ಕಾದು ಸಹಿ ಹಾಕಿಬಿಟ್ಟೆ. ಸಾಹೇಬರನ್ನು ಹೋಗಿ ಕೇಳಿದೆ. ನಿನ್ನ ಕಾಗದ ತೋರಿಸಲಿಲ್ಲ, ಅದು ನನ್ನದು. ಮನೆಯಿಂದ ತಡವಾಗಿ ಸುದ್ದಿ ಬಂತು, ಸಹಿ ವಾಪಸು ಕೊಡಿ ಎಂದೆ. ಅವರಿಗೂ ಬೇಜಾರಾಯಿತು. ಆಗುವುದಿಲ್ಲವಂತೆ. ಮೂರು ವರ್ಷ ಅಮ್ಮ. ಮಂಜು ಕರಗಿದ ಮೇಲೆ ರಜೆ ಕೊಡುತ್ತಾರೆ, ಬಂದು ಹೋಗುತ್ತೇನೆ. ಆದರೆ ಬಂದುಬಿಡುವುದು ಮೂರು ವರ್ಷದ ಮೇಲೆ.

ಒಂದಿಷ್ಟು ದಿನ ಹೆಚ್ಚಿಗೆ ಕಾಯಬಹುದಿತ್ತು. ಅಮ್ಮ ಬರೆಯದೇ ಇರುವವಳಲ್ಲ ಎಂದು ನಂಬಬಹುದಿತ್ತು. ನಂಬಲಿಲ್ಲ. ನಿನಗೆ ಮತ್ತೆ ಮೂರು ವರ್ಷದ ಕಾಯುವಿಕೆ ತಂದಿಟ್ಟವನು ನಾನೇ.

ನೀನು ಮಲಗಿದ್ದಕ್ಕೆ ನಾನು ಬೈಯಬೇಕಾ? ಓದಿದಾಗ ನಗು ಬಂತು, ಆಮೇಲೆ ಅಳು ಬಂತು. ನಾನು ಮನೆ ಬಿಟ್ಟಾಗಿನಿಂದ ನೀನು ನಿದ್ದೆ ಮಾಡಿಲ್ಲ ಎಂದು ಒಂದು ಕಾಗದದಲ್ಲೂ ಹೇಳಲಿಲ್ಲವಲ್ಲ. ಬರೀ ನಲ್ಲಿ, ಬರೀ ರವಿಕೆ. ಇಲ್ಲಿ ನಾನು ಉಂಡು ಮಲಗುತ್ತೇನೆ, ಎಚ್ಚರವಿರುವುದು ನೀನು. ಇದ್ಯಾವ ನ್ಯಾಯ?

ನಾನು ಬದುಕಿರುವಾಗಲೇ ನಿದ್ದೆ ಮಾಡು ಅಮ್ಮ. ನೀನು ಮಲಗಿದರೆ ನನಗೇನೂ ಆಗುವುದಿಲ್ಲ. ನೀನು ಎದ್ದು ಕೂತರೆ ನನ್ನನ್ನು ಕಾಪಾಡಿದಂತೆಯೂ ಅಲ್ಲ.

ಗುಬ್ಬಿ

—

ನೀಲಿ ಬಾಗಿಲಿನ ಮನೆಯಿಂದ
ಡಿಸೆಂಬರ್ ೧೪

ಗುಬ್ಬಿ,

ನಿನ್ನ ಕಾಗದ ಬಂದಾಗ ನಾನಿಲ್ಲೇ ಇದ್ದೆ. ಅಮ್ಮ ಒಲೆಯ ಮುಂದೆ ನಿಂತೇ ಓದಿದರು. ಹಾಲು ಉಕ್ಕಿ ಚೆಲ್ಲಿತು, ಇಬ್ಬರೂ ನೋಡಲಿಲ್ಲ. “ಮೂರು ವರ್ಷ” ಎಂದರು. ನನಗೆ ದುಃಖ ತಡೆಯಲಾಗಲಿಲ್ಲ. ಆ ಕಾರು, ಆ ಮಂಜು, ವೈರ್‌ಲೆಸ್ಸಿನಲ್ಲಿ ಹೇಳದೇ ಉಳಿದ ಸುಳ್ಳು ಎಲ್ಲ ಒಟ್ಟಿಗೆ ನೆನಪಾಗಿ ಅತ್ತುಬಿಟ್ಟೆ.

“ಅಳೋದು ಆಮೇಲೆ, ಮೊದ್ಲು ಒಲೆ ಆರಿಸು” ಎಂದರು ನಿಮ್ಮಮ್ಮ.

ಅವರೇ ಒಲೆಕಟ್ಟೆ ಒರೆಸಿದರು. ಒರೆಸುತ್ತಲೇ ಕೇಳಿದರು: “ಅಲ್ಲಾ ಕಣೇ, ಅಲ್ಲಿ ಕಾವಲು ಕಾಯೋರು ಇಡೀ ದಿನ ಒಬ್ರೇ ಕಾಯ್ತಾರಾ?”

“ಇಲ್ಲಮ್ಮ, ಪಾಳಿ ಮೇಲೆ. ಒಬ್ಬರು ಕಾಯ್ತಾರೆ, ಒಬ್ಬರು ಮಲಗ್ತಾರೆ.”

“ಮತ್ತೆ ಇಲ್ಲಿ ನಾನೊಬ್ಳೇ ಯಾಕೆ ಕಾಯ್ಬೇಕು? ನೀನೂ ಕಾಯಿ.”

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಬುಧವಾರ ಮತ್ತು ಭಾನುವಾರ ಮಧ್ಯಾಹ್ನ ನನ್ನ ಪಾಳಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಫೋನು ಕೂಡದು, ಕಚೇರಿಯ ಕೆಲಸ ತರಕೂಡದು, ತರಕಾರಿ ಹೆಚ್ಚುವುದೂ ಬೇಡ. “ಕಾಯೋದು ಅಂದ್ರೆ ಕಾಯೋದು, ಗಡಿಬಿಡಿ ಅಲ್ಲ” ಎಂದರು. ಗಾಡಿ ನಿಂತರೆ ನಾನೇ ನೋಡಬೇಕು. ಅವರನ್ನು ಎಬ್ಬಿಸಕೂಡದು. ಉಳಿದ ದಿನಗಳಿಗೂ ಯಾರನ್ನಾದರೂ ಗೊತ್ತುಮಾಡು, ಅದೇ ತಾನೆ ನಿನ್ನ ಕೆಲಸ ಎಂದರು. ಕ್ಯಾಪ್ಟನ್ ಶುಕ್ರವಾರಕ್ಕೆ ಒಪ್ಪಿದ್ದಾರೆ, ಸಾದಾ ಅಂಗಿಯಲ್ಲಿ ಬರುತ್ತಾರೆ. ಟೈಲರಮ್ಮನೂ ಒಂದು ದಿನ ಯಂತ್ರ ನಿಲ್ಲಿಸಿ ಬಂದು ಕೂರುತ್ತಾರಂತೆ. ಬೇರೆ ಮನೆಗಳ ತಾಯಂದಿರನ್ನೂ ಕೇಳತೊಡಗಿದ್ದೇನೆ: ನಿದ್ದೆ ಬರುತ್ತದಾ, ಯಾರನ್ನಾದರೂ ಕಳಿಸಲಾ?

ಮೊದಲ ದಿನ ಬೀದಿಯಲ್ಲೊಂದು ಗಾಡಿ ಬಂದು ನಿಂತಿತು. ಪರದೆ ಸರಿಸಲು ಕೈ ಏಳಲೇ ಇಲ್ಲ. ಕೊನೆಗೆ ನೋಡಿದರೆ ರವಿಕೆ ಹೊಲಿಸಲು ಬಂದವರು. ಕುರ್ಚಿಗೆ ಒರಗಿ ಸುಮ್ಮನೆ ಉಸಿರಾಡಿದೆ. ಇಷ್ಟು ವರ್ಷ ಈ ಹೆಂಗಸರ ಎದುರು ಕೂತು ‘ಧೈರ್ಯವಾಗಿರಿ’ ಎನ್ನುತ್ತಿದ್ದೆನಲ್ಲ, ಅದನ್ನು ನೆನೆದು ನಾಚಿಕೆಯಾಯಿತು.

ಇವತ್ತು ಭಾನುವಾರ. ಕಾಯುವಾಗ ಬರೆಯುವುದೂ ಕೂಡದು, ಆದರೂ ಕದ್ದು ಬರೆಯುತ್ತಿದ್ದೇನೆ. ಬೀದಿಯಲ್ಲಿ ಯಾವ ಗಾಡಿಯೂ ಇಲ್ಲ. ಒಳಗೆ ಅಮ್ಮ ಗೊರಕೆ ಹೊಡೆಯುತ್ತಿದ್ದಾರೆ.

ನಿನ್ನ ಅಕ್ಕ